ಟೇಪು ಹಿಡಿದು ಕೊಟ್ಟಿಗೆಗೆ ಹೋದ ಒಂಬತ್ತನೇ ಕ್ಲಾಸು

ಬಿಎಸ್ಸಿ ಕೃಷಿಗೆ ರೈತರ ಮಕ್ಕಳ ಕೋಟಾದಲ್ಲಿ ಸೀಟು ಬೇಕೆಂದರೆ ನಮ್ಮ ರಾಜ್ಯದಲ್ಲಿ ಸಿಇಟಿ ಒಂದೇ ಸಾಲದು. ಪ್ರಾಯೋಗಿಕ ಪರೀಕ್ಷೆ ಅಂತ ಇನ್ನೊಂದಿದೆ. ಬೀಜ, ಗೊಬ್ಬರ, ಕಳೆ, ಸಲಕರಣೆ ಇಂಥವನ್ನೆಲ್ಲ ಮುಂದಿಟ್ಟು ಗುರುತು ಹಿಡಿ ಅನ್ನುತ್ತಾರೆ. ಪಹಣಿ ಮಾತ್ರ ಇರುವ ಹುಡುಗನಿಗಿಂತ ಹೊಲ ತುಳಿದ ಹುಡುಗನಿಗೆ ಸೀಟು ಸಿಗಲಿ ಎಂಬ ಒಳ್ಳೆಯ ಉದ್ದೇಶದ ಪರೀಕ್ಷೆ. ಅದಕ್ಕೂ ಈಗ ಕೋಚಿಂಗ್ ಬಂದಿದೆ. ಸಾಮೆ, ನವಣೆ, ಹಾರಕ, ಹುಚ್ಚೆಳ್ಳುಗಳನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ, ನೋಡಿ ನೋಡಿ ಬಾಯಿಪಾಠ ಮಾಡಿಸುತ್ತಾರೆ.

ರೈತರ ಮಕ್ಕಳೇ ರಾಗಿ–ನವಣೆ ಗುರುತಿಸಲು ದುಡ್ಡು ಕಟ್ಟಿ ಕಲಿಯುತ್ತಾರಂತೆ ಎಂದು ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಹೈಸ್ಕೂಲು ಮೆಟ್ಟಿಲು ಹತ್ತಿದ ಮಗ ಹೊಲದ ಕಡೆ ಸುಳಿಯದಂತೆ ನೋಡಿಕೊಳ್ಳುವುದೇ ಇವತ್ತು ಬಹಳ ಅಪ್ಪ ಅಮ್ಮಂದಿರಿಗೆ ದೊಡ್ಡ ಕೆಲಸ. ಬೆಳಿಗ್ಗೆ ಟ್ಯೂಷನ್, ಆಮೇಲೆ ಸ್ಕೂಲು, ಸಂಜೆ ಹೋಂವರ್ಕ್. ಹೀಗಿರುವಾಗ ಅವನಿಗೆ ಹಾರಕದ ಕಾಳು ಯಾರು ತೋರಿಸಬೇಕಿತ್ತು?

ಶಾಲೆ ಪ್ರಯತ್ನವನ್ನೇ ಮಾಡಿಲ್ಲ ಎನ್ನುವಂತಿಲ್ಲ. ಮೂಲಶಿಕ್ಷಣ, ಕಾರ್ಯಾನುಭವ, ವನಮಹೋತ್ಸವ, ಇಕೋ ಕ್ಲಬ್, ಪೌಷ್ಟಿಕ ಕೈತೋಟ ಎಂದು ಹೆಸರು ಬದಲಿಸಿಕೊಂಡು ಅದೇ ಆಸೆ ಎಂಬತ್ತಕ್ಕೂ ಹೆಚ್ಚು ವರ್ಷಗಳಿಂದ ಶಾಲೆಯ ಗೇಟಿನೊಳಗೆ ಬರುತ್ತಿದೆ, ಸ್ವಲ್ಪ ದಿನ ಇದ್ದು ಹೋಗುತ್ತಿದೆ. ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೆ ಹಣ ಇಲ್ಲ, ಜಾಗ ಇಲ್ಲ, ಮೇಷ್ಟ್ರಿಗೆ ಪುರುಸೊತ್ತಿಲ್ಲ ಎಂಬ ಉತ್ತರಗಳು ಸಿದ್ಧವಾಗಿವೆ. ಅವು ಸುಳ್ಳಲ್ಲ. ಆದರೆ ಅದಕ್ಕಿಂತ ಮುಂಚಿನ ಕಾರಣ ಒಂದಿದೆ ಎಂದು ನನಗನಿಸುತ್ತದೆ. ಮಕ್ಕಳು ಮಾಡುವ ಕೆಲಸ ಶಾಲೆಯ ಹೊರಗೆ ಯಾರಿಗಾದರೂ ಬೇಕಾಗಿದ್ದರೆ ಅದು ಉಳಿಯುತ್ತದೆ; ಯಾರಿಗೂ ಬೇಡದ ಕೆಲಸ ಫೋಟೊ ತೆಗೆಸಿಕೊಂಡ ದಿನವೇ ಮುಗಿಯುತ್ತದೆ. ಈ ಮಾತಿಗೆ ಅತ್ಯುತ್ತಮ ಪುರಾವೆ ಇರುವುದು ನಮ್ಮ ನೆರೆರಾಜ್ಯದ ಒಂದು ಹಳ್ಳಿಯಲ್ಲಿ.

ಮೈಸೂರು ದಾಟಿ ಪಾಬಳಕ್ಕೆ

ಪುಣೆ ಜಿಲ್ಲೆಯ ಶಿರೂರು ತಾಲ್ಲೂಕಿನ ಪಾಬಳ ಬರಪೀಡಿತ ಊರು. ಪುಣೆ ನಗರದಿಂದ ಸುಮಾರು 70 ಕಿ.ಮೀ. 1983ರಲ್ಲಿ ಇಲ್ಲಿ ವಿಜ್ಞಾನ ಆಶ್ರಮ ಕಟ್ಟಿದವರು ಡಾ. ಶ್ರೀನಾಥ ಕಲ್ಬಾಗ್. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆಹಾರ ತಂತ್ರಜ್ಞಾನದಲ್ಲಿ ಡಾಕ್ಟರೇಟ್ ಮಾಡಿ ಬಂದವರು, ಮೊದಲು ದುಡಿದದ್ದು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ. ಅಲ್ಲಿಂದ ಮುಂಬೈಗೆ ಹೋಗಿ ಹಿಂದೂಸ್ತಾನ್ ಲಿವರ್ ಕಂಪನಿಯ ಸಂಶೋಧನಾ ವಿಭಾಗದಲ್ಲಿ ಬಹಳ ವರ್ಷ ಇದ್ದರು. ನಿವೃತ್ತಿಯ ವಯಸ್ಸಿಗೆ ಮೊದಲೇ ಕೆಲಸ ಬಿಟ್ಟು, ಪತ್ನಿ ಮೀರಾ ಅವರೊಂದಿಗೆ ಪಾಬಳಕ್ಕೆ ಬಂದು ನೆಲೆಸಿದರು. ನೀರಾವರಿ ಇರುವ ಸುಖದ ಊರನ್ನು ಬೇಕೆಂದೇ ಆರಿಸಲಿಲ್ಲ. ಇಲ್ಲಿ ನಡೆದದ್ದು ಎಲ್ಲಿ ಬೇಕಾದರೂ ನಡೆಯಬೇಕು ಎಂಬುದು ಅವರ ಲೆಕ್ಕ.

ಹಳ್ಳಿಯ ಮಕ್ಕಳು ಶಾಲೆ ಬಿಡುವುದು ದಡ್ಡರೆಂದಲ್ಲ, ಪುಸ್ತಕದ ವಿದ್ಯೆಗೂ ಮನೆಯ ಬದುಕಿಗೂ ಸಂಬಂಧ ಕಾಣದೆ ಎಂದು ಕಲ್ಬಾಗ್ ನಂಬಿದ್ದರು. ಸುತ್ತಲಿನ ಹೈಸ್ಕೂಲುಗಳ ಎಂಟರಿಂದ ಹತ್ತನೇ ತರಗತಿಯವರಿಗೆ ವಾರದಲ್ಲಿ ಒಂದು ಇಡೀ ದಿನ ಕೈಕೆಲಸದ ಪಾಠ ಶುರುವಾಯಿತು. ಎಂಜಿನಿಯರಿಂಗ್, ಇಂಧನ–ಪರಿಸರ, ಮನೆ–ಆರೋಗ್ಯ, ಕೃಷಿ–ಪಶುಪಾಲನೆ ಎಂದು ನಾಲ್ಕು ಭಾಗ. ನಾಲ್ಕನ್ನೂ ಹುಡುಗರು ಹುಡುಗಿಯರು ಎಲ್ಲರೂ ಕಲಿಯಬೇಕು. ಹುಡುಗಿ ವೆಲ್ಡಿಂಗ್ ಮಾಡುತ್ತಾಳೆ, ಹುಡುಗ ಅಡುಗೆಯಲ್ಲಿ ಪೌಷ್ಟಿಕಾಂಶದ ಲೆಕ್ಕ ಹಾಕುತ್ತಾನೆ.

ಕೃಷಿ–ಪಶುಪಾಲನೆಯ ಒಂದು ಪಾಠವನ್ನು ಹತ್ತಿರದಿಂದ ನೋಡೋಣ. ಹಸುವಿಗೆ ದಿನಕ್ಕೆ ಎಷ್ಟು ಮೇವು ಬೇಕು? ಅದರ ತೂಕದ ಮೇಲೆ ಹೋಗುತ್ತದೆ. ಹಳ್ಳಿಯಲ್ಲಿ ಹಸು ತೂಗುವ ಯಂತ್ರ ಎಲ್ಲಿಂದ ಬರಬೇಕು? ಹಾಗಾಗಿ ಟೈಲರ್ ಟೇಪು ಹಿಡಿದು ಕೊಟ್ಟಿಗೆಗೆ ಹೋಗುವುದು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಒಂದು, ಭುಜದ ಮೂಳೆಯ ತುದಿಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ ಒಂದು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿದರೆ ತೂಕ ಕಿಲೊದಲ್ಲಿ ಬರುತ್ತದೆ. ಸುತ್ತಳತೆ 150 ಸೆಂ.ಮೀ., ಉದ್ದ 130 ಸೆಂ.ಮೀ. ಇದ್ದರೆ ಹತ್ತಿರ ಹತ್ತಿರ 270 ಕಿಲೊ. ನೀರಿನಂಶ ಕಳೆದು ತೂಕದ ಶೇ 2.5ರಷ್ಟು ಮೇವು ಎಂದು ಹಿಡಿದರೆ ಆರೂಮುಕ್ಕಾಲು ಕಿಲೊ. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುವುದರಿಂದ ಇಪ್ಪತ್ತು ಕಿಲೊದ ದೊಡ್ಡ ಹೊರೆ ಹಾಕಿದರೂ ಅದಕ್ಕೆ ಸಿಕ್ಕಿದ್ದು ನಾಲ್ಕೈದು ಕಿಲೊ ಮಾತ್ರ. ಇಷ್ಟು ದಿನ ಹೊಟ್ಟೆ ತುಂಬಾ ಹಾಕಿದ್ದೇನೆ ಅಂದುಕೊಂಡಿದ್ದ ಯಜಮಾನ ತಲೆ ಕೆರೆದುಕೊಳ್ಳುತ್ತಾನೆ.

ಆ 10,840 ಎಲ್ಲಿಂದ ಬಂತು ಎಂದು ಕೇಳುವ ಮಗು ಸಿಕ್ಕರೆ ಗಣಿತದ ಮೇಷ್ಟ್ರಿಗೆ ಹಬ್ಬ. ಹಸುವಿನ ಒಡಲನ್ನು ಒಂದು ಸಿಲಿಂಡರ್ ಎಂದುಕೊಂಡು, ಸುತ್ತಳತೆಯಿಂದ ತ್ರಿಜ್ಯ ತೆಗೆದು ಘನಫಲ ಕಟ್ಟಿದರೆ ಭಾಜಕ 12,566 ಆಗುತ್ತದೆ. ಒಂದು ಲೀಟರ್ ಗಾತ್ರಕ್ಕೆ ಒಂದು ಕಿಲೊ ಎಂದು ಹಿಡಿದರೆ ನಮ್ಮ ಹಸು 233 ಕಿಲೊ. ಉಳಿದ 37 ಕಿಲೊ ಎಲ್ಲಿ ಹೋಯಿತು? ತಲೆ, ಕುತ್ತಿಗೆ, ನಾಲ್ಕು ಕಾಲು! ಸಿಲಿಂಡರಿನ ಘನಫಲ ನಮ್ಮ ಪಠ್ಯದಲ್ಲೂ ಇದೆ. ಅಲ್ಲಿ ಅದಕ್ಕೆ ಕಾಲು ಬಾಲ ಇಲ್ಲ, ಅಷ್ಟೆ.

ಇನ್ನೊಂದು ಪಾಠ ಭೂಮಿಯ ವಿದ್ಯುತ್ ರೋಧದ್ದು. ನಾಲ್ಕು ಕಬ್ಬಿಣದ ಗೂಟಗಳನ್ನು ಸಮ ಅಂತರದಲ್ಲಿ ಒಂದೇ ಸಾಲಿಗೆ ಹೊಡೆದು, ಹೊರಗಿನ ಎರಡಕ್ಕೆ ಕರೆಂಟ್ ಹರಿಸಿ, ಒಳಗಿನ ಎರಡರ ನಡುವಿನ ವೋಲ್ಟೇಜ್ ಅಳೆಯುವುದು. ಗೂಟಗಳ ಅಂತರ ಹೆಚ್ಚಿಸಿದಷ್ಟೂ ಹೆಚ್ಚು ಆಳದ ಸುದ್ದಿ ಬರುತ್ತದೆ. ಗಟ್ಟಿ ಬಂಡೆ ಕರೆಂಟಿಗೆ ದಾರಿ ಬಿಡುವುದಿಲ್ಲ. ಬಿರುಕು ಬಿಟ್ಟು ನೀರು ತುಂಬಿದ ಪದರ ಬಿಡುತ್ತದೆ. ಓಮ್ ನಿಯಮ ಓದಿದ ಹೈಸ್ಕೂಲು ಹುಡುಗರಿಗೆ ಇಷ್ಟು ಸಾಕು. ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡು ಜಮೀನು ಸುತ್ತಿ ನೀರು ತೋರಿಸುವವರು ನಮ್ಮಲ್ಲಿ ಇದ್ದಾರಲ್ಲ, ಅವರ ಕೆಲಸಕ್ಕೆ ಪಾಬಳದಲ್ಲಿ ಮೀಟರು ಬಂದು ನಿಂತಿತು. ಬಾವಿ ತೋಡುವವನಿಗೆ ಇದು ಸಾವಿರಾರು ರೂಪಾಯಿಯ ಪ್ರಶ್ನೆ. ಅವನು ಅಳತೆ ತೆಗೆಯುವವರ ಪಕ್ಕದಲ್ಲೇ ನಿಂತು ನೋಡುತ್ತಾನೆ, ಅನುಮಾನ ಬಂದರೆ ಇನ್ನೊಮ್ಮೆ ಅಳೆಯಿರಿ ಅನ್ನುತ್ತಾನೆ.

ಕಲ್ಬಾಗ್ ಯೋಜನೆಯ ಜೀವ ಇರುವುದು ಇಲ್ಲೇ. ಮಣ್ಣು ಪರೀಕ್ಷೆ, ಹೆಂಗಸರ ರಕ್ತದ ಹಿಮೋಗ್ಲೋಬಿನ್ ಪರೀಕ್ಷೆ, ರಕ್ತದ ಗುಂಪು ಗುರುತಿಸುವುದು, ಕಸಿ ಕಟ್ಟುವುದು, ಶಾಲೆಗೋ ಮನೆಗೋ ಬೇಕಾದ ಕಬ್ಬಿಣದ ಕೆಲಸ, ಕೋಳಿ ಸಾಕಿ ಮಾರುವುದು, ಎಲ್ಲಕ್ಕೂ ಊರಿನಲ್ಲಿ ಗಿರಾಕಿ ಇರಬೇಕು ಮತ್ತು ಗಿರಾಕಿ ಸ್ವಲ್ಪವಾದರೂ ದುಡ್ಡು ಕೊಡಬೇಕು. ದುಡ್ಡು ಕೊಟ್ಟವನು ಕೆಲಸ ನೆಟ್ಟಗಿಲ್ಲದಿದ್ದರೆ ಬಿಡುವುದಿಲ್ಲ. ಇದಕ್ಕಿಂತ ಕಟ್ಟುನಿಟ್ಟಾದ ಮೌಲ್ಯಮಾಪನ ಯಾವ ಪರೀಕ್ಷಾ ಮಂಡಳಿಗೂ ಸಾಧ್ಯವಿಲ್ಲ. ಕಲಿಸುವವರೂ ಅಷ್ಟೇ. ಬಿ.ಇಡಿ. ಆಗಿರಬೇಕೆಂಬ ನಿಯಮವಿಲ್ಲದೆ, ಕೆಲಸ ಬಲ್ಲ ಊರಿನವರೇ ಪಾಠ ಹೇಳಿದರು. 1987ರಲ್ಲಿ ಮಹಾರಾಷ್ಟ್ರದ ಎಸ್ಸೆಸ್ಸಿ ಮಂಡಳಿ ಇದನ್ನು ಪೂರ್ವ ವೃತ್ತಿಶಿಕ್ಷಣದ ವಿಷಯವಾಗಿ ಒಪ್ಪಿಕೊಂಡಿತು. ಮಕ್ಕಳು ಸಾಮಾನ್ಯ ಹೈಸ್ಕೂಲಿನಲ್ಲೇ ಇದ್ದುಕೊಂಡು, ಸಾಮಾನ್ಯ ಪರೀಕ್ಷೆಯಲ್ಲೇ ಇದಕ್ಕೂ ಅಂಕ ಪಡೆಯಬಹುದಾಯಿತು. ಓದಿನಲ್ಲಿ ಹಿಂದೆ ಬಿದ್ದವರಿಗೆ ಬೇರೆ ಕೊಠಡಿ ಅಂತ ಆಗಲಿಲ್ಲ.

2002ರಲ್ಲಿ ಅಮೆರಿಕದ ಎಂಐಟಿ ಫ್ಯಾಬ್ ಲ್ಯಾಬ್ ಎಂಬ ತನ್ನ ಡಿಜಿಟಲ್ ಕಾರ್ಯಾಗಾರಗಳ ಜಾಲವನ್ನು ಹೊರದೇಶಕ್ಕೆ ತಂದಾಗ ಮೊದಲು ಬಂದು ನಿಂತ ಜಾಗಗಳಲ್ಲಿ ಪಾಬಳವೂ ಒಂದು. ಮರುವರ್ಷವೇ ಕಲ್ಬಾಗ್ ತೀರಿಕೊಂಡರು. ಲೆಂಡ್ ಎ ಹ್ಯಾಂಡ್ ಇಂಡಿಯಾ ಎಂಬ ಸಂಸ್ಥೆ ಆ ಮಾದರಿಯನ್ನು ಹಲವಾರು ಶಾಲೆಗಳಿಗೆ ಒಯ್ದಿತು, ಬಹುಕೌಶಲ ಕೋರ್ಸಾಗಿ ಅದು ಸರ್ಕಾರದ ವೃತ್ತಿಶಿಕ್ಷಣದ ಚೌಕಟ್ಟಿಗೂ ಸೇರಿತು. ಶಾಲೆಗಳ ಸಂಖ್ಯೆ ಏರಿದ್ದನ್ನು ಯಶಸ್ಸು ಎನ್ನುವುದಕ್ಕೆ ನಾನು ಸ್ವಲ್ಪ ಹಿಂಜರಿಯುತ್ತೇನೆ. ಕಿಟ್ಟು, ಪುಸ್ತಕ, ತರಬೇತಿ ಇವನ್ನು ಲಾರಿಯಲ್ಲಿ ಕಳಿಸಬಹುದು. ಗಿರಾಕಿಯನ್ನು ಆಯಾ ಊರಿನಲ್ಲೇ ಹುಡುಕಬೇಕು. ಗಿರಾಕಿ ಸಿಗದ ಶಾಲೆಯಲ್ಲಿ ಇದೂ ರೆಕಾರ್ಡ್ ಪುಸ್ತಕ ತುಂಬುವ ಇನ್ನೊಂದು ವಿಷಯವಾಗಲು ತಡವಾಗುವುದಿಲ್ಲ.

ಯಾರ ಕೈ?

ಕಲ್ಬಾಗ್ ಆಶ್ರಮಕ್ಕೆ ಆಸರೆಯಾದದ್ದು ಪುಣೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಷನ್. ಅದನ್ನು ಕಟ್ಟಿದ ಜೆ.ಪಿ. ನಾಯಕ್ 1964–66ರ ಕೊಠಾರಿ ಆಯೋಗದ ಸದಸ್ಯ ಕಾರ್ಯದರ್ಶಿಯಾಗಿದ್ದವರು. ಶಾಲಾ ಶಿಕ್ಷಣದಲ್ಲಿ ‘ಕಾರ್ಯಾನುಭವ’ ಇರಲೇಬೇಕೆಂದು ಹೇಳಿದ ಆಯೋಗ ಅದು. ದೇಶಕ್ಕೆಲ್ಲ ಬರೆದ ಶಿಫಾರಸು ವೇಳಾಪಟ್ಟಿಯ ಕೊನೆಯ ಪೀರಿಯಡ್ಡಾಗಿ ಸೊರಗಿದರೆ, ಅದರ ಒಂದು ಕುಡಿ ಪಾಬಳದಲ್ಲಿ ಬೇರು ಬಿಟ್ಟಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಇದಕ್ಕೇ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂಬ ಉದ್ದನೆಯ ಹೆಸರಿಟ್ಟಿತು. ಎಸ್‌ಯುಪಿಡಬ್ಲ್ಯು ಎಂದು ಕರೆಯುತ್ತಿದ್ದ ಆ ಪೀರಿಯಡ್ಡಿನಲ್ಲಿ ಉಲ್ಲನ್ ಹೂವು ಮಾಡಿದವರು, ಮೈದಾನದ ಕಲ್ಲು ಆರಿಸಿದವರು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ.

ಇನ್ನೂ ಹಿಂದಕ್ಕೆ ಹೋದರೆ ಟ್ಯಾಗೋರರ ಶ್ರೀನಿಕೇತನ ಸಿಗುತ್ತದೆ. 1922ರಲ್ಲಿ ಲೆನಾರ್ಡ್ ಎಲ್ಮ್‌ಹರ್ಸ್ಟ್ ಎಂಬ ಇಂಗ್ಲಿಷ್ ಕೃಷಿ ಪದವೀಧರನ ಜೊತೆಗೂಡಿ ಕವಿ ಅದನ್ನು ತೆರೆದರು. ಎರಡು ವರ್ಷದ ಬಳಿಕ ಹಳ್ಳಿಯ ಮಕ್ಕಳಿಗೆಂದು ಶಿಕ್ಷಾಸತ್ರ ಆರಂಭವಾಯಿತು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಶಿಕ್ಷಣ ಸಮ್ಮೇಳನ ಕರೆದರು. ಜಾಕಿರ್ ಹುಸೇನ್ ಸಮಿತಿ ರೂಪಿಸಿದ ನಯೀ ತಾಲೀಮಿನಲ್ಲಿ, ಅಂದರೆ ಮೂಲಶಿಕ್ಷಣದಲ್ಲಿ, ನೂಲು, ನೇಯ್ಗೆ, ಮರಗೆಲಸದ ಜೊತೆ ಬೇಸಾಯವೂ ಮೂಲ ಕಸುಬುಗಳಲ್ಲಿ ಒಂದಾಯಿತು. ಮಕ್ಕಳು ತಯಾರಿಸಿದ ವಸ್ತುವಿನಿಂದಲೇ ಮೇಷ್ಟ್ರ ಸಂಬಳ ಹುಟ್ಟಬೇಕೆಂಬ ಗಾಂಧೀಜಿಯ ಆಸೆಗೆ ಆ ಸಮ್ಮೇಳನದಲ್ಲೇ ಅರ್ಥಶಾಸ್ತ್ರಜ್ಞ ಕೆ.ಟಿ. ಶಾ ತಕರಾರು ಎತ್ತಿದ್ದರು. ಆ ತಕರಾರಿನಲ್ಲಿ ತಥ್ಯವಿತ್ತು. ಪಾಬಳದಲ್ಲಿ ಊರಿನವರು ಕೊಡುವ ದುಡ್ಡಿನಿಂದ ಸಾಮಾನಿನ ಖರ್ಚು ಹುಟ್ಟಿದರೆ ಸಾಕು, ಮಕ್ಕಳ ದುಡಿಮೆ ಶಾಲೆಯನ್ನು ಸಾಕಬೇಕಿಲ್ಲ. ಈ ಎರಡರ ನಡುವಿನ ಗೆರೆ ಸಣ್ಣದು, ಆದರೆ ದಾಟಿದರೆ ಪಾಠ ಹೋಗಿ ಕೂಲಿಯಾಗುತ್ತದೆ.

ಹೀಗೆ ಗೆರೆ ದಾಟಿದ ಕಥೆ ನಮ್ಮ ಕರಾವಳಿಗೂ ತಾಗಿದ್ದು. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾಗಿದ್ದ ರಾಜಾಜಿ ಗ್ರಾಮೀಣ ಪ್ರಾಥಮಿಕ ಶಾಲೆಗಳಿಗೆ ಹೊಸ ವ್ಯವಸ್ಥೆ ತಂದರು: ಶಾಲೆ ದಿನಕ್ಕೆ ಒಂದು ಹೊತ್ತು ಮಾತ್ರ, ಉಳಿದ ಹೊತ್ತು ಮಕ್ಕಳು ಮನೆಯ ಕಸುಬು ಕಲಿಯಲಿ. ದಕ್ಷಿಣ ಕನ್ನಡ ಆಗಿನ್ನೂ ಮದ್ರಾಸಿನಲ್ಲೇ ಇತ್ತು. ಕ್ಷೌರಿಕನ ಮಗ ಕ್ಷೌರ, ಚಮ್ಮಾರನ ಮಗ ಚಪ್ಪಲಿ ಎಂದು ಜಾತಿಯನ್ನೇ ಪಠ್ಯ ಮಾಡಿದ ‘ಕುಲ ಕಲ್ವಿ’ (ಕುಲಕಸುಬಿನ ಶಿಕ್ಷಣ) ಎಂದು ದ್ರಾವಿಡ ಚಳವಳಿ ಬೀದಿಗಿಳಿಯಿತು. 1954ರಲ್ಲಿ ರಾಜಾಜಿ ಇಳಿದರು, ಕಾಮರಾಜ್ ಬಂದು ಯೋಜನೆಯನ್ನು ಕೈಬಿಟ್ಟರು.

ಎಪ್ಪತ್ತು ವರ್ಷದ ಹಿಂದಿನ ಮಾತು ಎಂದು ತಳ್ಳಿಹಾಕುವಂತಿಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು ಬಯಲಾಗಿ ಬಂಧನಗಳಾದವು. ‘ಶ್ರಮದ ಗೌರವ’ ಎಂಬ ಮಾತಿನ ನೆರಳಿನಲ್ಲಿ ಯಾರ ಮಕ್ಕಳ ಕೈಗೆ ಪೊರಕೆ ಬರುತ್ತದೆ, ಯಾರ ಮಕ್ಕಳು ನೆರಳಲ್ಲಿ ಕೂತು ಹಾಜರಿ ಬರೆಯುತ್ತಾರೆ ಎಂಬುದು ಹಳ್ಳಿಯ ತಾಯಂದಿರಿಗೆ ಚೆನ್ನಾಗಿ ಗೊತ್ತು. ‘ಹೊಲದಾಗ ದುಡಿಯೋದು ಮನಿಯಾಗ ಐತಿ, ಅದನ್ನ ಕಲಿಯಾಕ ಸಾಲಿಗೆ ಯಾಕ ಕಳಿಸಬೇಕು’ ಎಂದು ಉತ್ತರ ಕರ್ನಾಟಕದ ಅವ್ವ ಕೇಳಿದರೆ ಅದು ಅಜ್ಞಾನದ ಮಾತಲ್ಲ. ಕಸ ಗುಡಿಸುವುದು, ಕಲ್ಲು ಹೊರುವುದು ಪಾಠವಲ್ಲ. ಅಳತೆ, ಲೆಕ್ಕ, ಹೋಲಿಕೆ, ಮುಂದಿನ ಬಾರಿ ಬೇರೆ ಥರ ಮಾಡಿ ನೋಡುವುದು ಇವು ಇದ್ದರೆ ಮಾತ್ರ ಗುದ್ದಲಿ ಪಾಠದ ಸಾಮಾನು. ಜೊತೆಗೆ ಅದು ಎಲ್ಲ ಮಕ್ಕಳ ಕೈಗೂ ಬರಬೇಕು, ಮುಖ್ಯೋಪಾಧ್ಯಾಯರ ಮಗಳನ್ನೂ ಸೇರಿಸಿ.

ಹುಳು ನೋಡುವ ಕಣ್ಣು

ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ ಅಂಕದ ಆಟ. ಕಾರ್ಯಾನುಭವಕ್ಕೆ ಅದರಲ್ಲಿ ಜಾಗವಿಲ್ಲ. ಅದು ದರ್ಜೆ ಹಾಕಿ ಮುಗಿಸುವ ವಿಷಯ. ವೃತ್ತಿಶಿಕ್ಷಣದ ಹೆಸರಿನಲ್ಲಿ ರಿಟೇಲ್, ಆಟೊಮೊಬೈಲ್, ಮಾಹಿತಿ ತಂತ್ರಜ್ಞಾನ, ಬ್ಯೂಟಿ ಅಂಡ್ ವೆಲ್‌ನೆಸ್ ಇವು ಕೆಲವು ಸರ್ಕಾರಿ ಹೈಸ್ಕೂಲುಗಳಿಗೆ ಬಂದಿವೆ. ಬೇಡವೆನ್ನುವುದಿಲ್ಲ. ಆದರೆ ಕಾಂಪೌಂಡಿನ ಆಚೆ ಮೆಕ್ಕೆಜೋಳ ಬೆಳೆದು ನಿಂತಿರುವ ಹಾವೇರಿ, ದಾವಣಗೆರೆ ಕಡೆಯ ಶಾಲೆಗೆ ಅದಕ್ಕಿಂತ ಹತ್ತಿರದ ವಿಷಯ ಒಂದಿದೆ.

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ ಒಂದು ಹೊಸ ಹುಳು ಕಂಡಿತು. ಅಮೆರಿಕ ಖಂಡದಿಂದ ಆಫ್ರಿಕಕ್ಕೆ, ಅಲ್ಲಿಂದ ಇಲ್ಲಿಗೆ ಬಂದ ಫಾಲ್ ಸೈನಿಕ ಹುಳು. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದೇ ಕರ್ನಾಟಕದಲ್ಲಿ. ಒಂದೆರಡು ವರ್ಷದೊಳಗೆ ದೇಶದ ಬಹುಭಾಗ ಸುತ್ತಿಬಿಟ್ಟಿತು. ಇದನ್ನು ಗುರುತಿಸಲು ಪ್ರಯೋಗಾಲಯ ಬೇಕಿಲ್ಲ. ಹುಳುವಿನ ಮುಖದ ಮೇಲೆ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿದಂಥ ತಿಳಿ ಗೆರೆ, ಹಿಂಭಾಗದಲ್ಲಿ ಚೌಕವಾಗಿ ಕೂತ ನಾಲ್ಕು ಕಪ್ಪು ಚುಕ್ಕೆ. ಗಿಡದ ಸುಳಿಯಲ್ಲಿ ಮರದ ಹೊಟ್ಟಿನ ಹಾಗೆ ಹಿಕ್ಕೆ. ಮರಿ ಹುಳು ಎಲೆಯ ಹಸಿರನ್ನು ಕೆರೆದು ತಿಂದು ಗಾಜಿನಂಥ ಕಿಟಕಿ ಉಳಿಸಿರುತ್ತದೆ. ಬಲಿತು ಸುಳಿಯ ಒಳಗೆ ಇಳಿದ ಮೇಲೆ ಔಷಧಿ ಹೊಡೆದರೂ ತಾಗುವುದು ಕಷ್ಟ. ಅಂದರೆ ಎಲ್ಲ ಇರುವುದು ಬೇಗ ನೋಡುವುದರಲ್ಲಿ. ಹೊಲದಲ್ಲಿ ಡಬ್ಲ್ಯು ಆಕಾರದಲ್ಲಿ ನಡೆದು, ಐದು ಕಡೆ ನಿಂತು, ಒಂದೊಂದು ಕಡೆ ಇಪ್ಪತ್ತು ಗಿಡದ ಸುಳಿ ಬಿಡಿಸಿ ನೋಡಿದರೆ ನೂರು ಗಿಡದ ಲೆಕ್ಕ. ಎಷ್ಟು ಗಿಡಕ್ಕೆ ಹುಳು ಬಿದ್ದಿದೆಯೋ ಅದೇ ಶೇಕಡಾವಾರು. ಎಂಟನೇ ತರಗತಿಯ ಗಣಿತಕ್ಕೆ ಇದು ಭಾರವಲ್ಲ. ವಾರಕ್ಕೊಮ್ಮೆ ಈ ಸಂಖ್ಯೆಯನ್ನು ಗ್ರಾಮ ಪಂಚಾಯಿತಿಯ ಬೋರ್ಡಿನಲ್ಲಿ ಬರೆದರೆ ಓದುವವರಿಗೆ ಕೊರತೆಯಾಗದು. ಔಷಧಿ ಅಂಗಡಿಯವನ ಮಾತಿಗಿಂತ ಬೇರೆ ಒಂದು ಮಾತು ಸಿಕ್ಕಿದ್ದಕ್ಕೇ ರೈತ ಬೋರ್ಡಿನ ಹತ್ತಿರ ಬರುತ್ತಾನೆ. (ಔಷಧಿ ಹೊಡೆದ ಹೊಲಕ್ಕೆ ಮಕ್ಕಳನ್ನು ಇಳಿಸಬಾರದು ಎಂಬುದು ಬೇರೆ ಹೇಳಬೇಕಾಗಿಲ್ಲ, ಆದರೂ ಹೇಳಿರುತ್ತೇನೆ.)

ಮೆಕ್ಕೆಜೋಳ ಇಲ್ಲದ ಊರಿಗೆ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಇದೆ. ಅದನ್ನು ತಿನ್ನುವ ಮೆಕ್ಸಿಕೊ ಮೂಲದ ಜೀರುಂಡೆಯನ್ನು ಬೆಂಗಳೂರಿನಲ್ಲಿ 1984ರಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಗಿಡದ ಎಲೆ ಕೆದಕಿದರೆ ತಿಳಿ ಬಣ್ಣದ ಬೆನ್ನ ಮೇಲೆ ಕಂದು ಗೆರೆಗಳಿರುವ ಈ ಪುಟ್ಟ ಹುಳು ಸಿಗುತ್ತದೆ, ಒಣಗಾಲಕ್ಕೆ ಮಣ್ಣಿನೊಳಗೆ ಅಡಗಿ ಮಲಗುತ್ತದೆ. ಹೊರಗಿನಿಂದ ಬಂದ ಕಳೆ, ಅದರ ಬೆನ್ನಿಗೆ ಹೊರಗಿನಿಂದ ತಂದ ಹುಳು, ಎರಡೂ ಶಾಲೆಯ ಬೇಲಿಯಲ್ಲೇ ಇವೆ. ಆದರೂ ‘ಆಹಾರ ಸರಪಳಿ’ ಪಾಠಕ್ಕೆ ಪುಸ್ತಕದಲ್ಲಿ ಹುಲಿ, ಜಿಂಕೆಯ ಚಿತ್ರ ನೋಡುತ್ತಾ ಕೂರುತ್ತೇವೆ!

ಪರಿಸರ ಶಿಕ್ಷಣ ನಮ್ಮ ಶಾಲೆಗೆ ಬಂದದ್ದರಲ್ಲಿ ಕೋರ್ಟಿನ ಪಾಲು ದೊಡ್ಡದು. ವಕೀಲ ಎಂ.ಸಿ. ಮೆಹ್ತಾ ಹಾಕಿದ ಅರ್ಜಿಯಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದಿತು. 2003ರಲ್ಲಿ ಪಠ್ಯಕ್ರಮ ಮಾಡಿಕೊಡಿ ಎಂದು ಎನ್‌ಸಿಇಆರ್‌ಟಿಗೆ ಸೂಚಿಸಿತು. ಆದೇಶದಿಂದ ಬಂದ ವಿಷಯ ಆದೇಶದ ಹಾಗೇ ಉಳಿದುಕೊಂಡಿತು: ಓಜೋನ್ ಪದರ, ಹಸಿರುಮನೆ ಪರಿಣಾಮ, ಐದು ಅಂಕದ ಪ್ರಶ್ನೆ. 2023ರಲ್ಲಿ ಕೇಂದ್ರ ಸರ್ಕಾರ ಇಪ್ಪತ್ತು ಶಾಲೆಗಳಲ್ಲಿ ಪ್ರಾಯೋಗಿಕವಾಗಿ ಮಣ್ಣು ಪರೀಕ್ಷಾ ಲ್ಯಾಬುಗಳನ್ನಿಟ್ಟು ಮಕ್ಕಳಿಂದಲೇ ಮಾದರಿ ತರಿಸಿ, ಪರೀಕ್ಷೆ ಮಾಡಿಸಿ, ರೈತರಿಗೆ ಮಣ್ಣಿನ ಆರೋಗ್ಯದ ಕಾರ್ಡು ಕೊಡಿಸುವ ಕಾರ್ಯಕ್ರಮ ಶುರುಮಾಡಿತು. ಆಮೇಲೆ ಅದು ಸಾವಿರದಷ್ಟು ಶಾಲೆಗಳಿಗೆ ಹಬ್ಬಿತು. ಪಾಬಳದಲ್ಲಿ ನಾಲ್ಕು ದಶಕದ ಹಿಂದೆ ಆದದ್ದಕ್ಕೆ ದಿಲ್ಲಿಯ ಮುದ್ರೆ ಬಿದ್ದಂತಾಯಿತು. ಕಾರ್ಡು ಸಿಕ್ಕ ರೈತ ಮುಂದಿನ ಸಾಲಿನಲ್ಲಿ ಯೂರಿಯಾ ಒಂದು ಚೀಲ ಕಡಿಮೆ ಹಾಕಿದನೇ ಎಂದು ಮಕ್ಕಳು ಹೋಗಿ ಕೇಳಿದರೆ ಮಾತ್ರ ಆ ಲ್ಯಾಬು ಶಾಲೆಯದ್ದಾಗುತ್ತದೆ.

ಬೇಸಿಗೆಯ ಪಾಲುಗಾರರು

ಈಗ ಕೈತೋಟಕ್ಕೆ ಬರೋಣ. 2019ರಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಶಾಲಾ ಪೌಷ್ಟಿಕ ತೋಟಗಳಿಗೆ ಮಾರ್ಗಸೂಚಿ ಕೊಟ್ಟಿತು. ಕರ್ನಾಟಕದಲ್ಲಿ ಬಿಸಿಯೂಟದ ಸಾಂಬಾರಿಗೆ ನುಗ್ಗೆಸೊಪ್ಪು, ಕರಿಬೇವು, ಬಸಳೆ, ಪಪ್ಪಾಯ ಒದಗಿಸುವ ಶಾಲೆಗಳು ಅಲ್ಲಲ್ಲಿ ಇವೆ, ಹಾವೇರಿ ಜಿಲ್ಲೆ ಹೊಸರಿತ್ತಿಯ ಗಾಂಧಿ ಗ್ರಾಮೀಣ ಗುರುಕುಲದಂಥ ಕಡೆ ಓದಿನ ಜೊತೆ ಬೇಸಾಯ, ಹೈನುಗಾರಿಕೆ ದಿನಚರಿಯ ಭಾಗವೇ ಆಗಿದೆ. ವಸತಿ ಶಾಲೆಗೆ ಇರುವ ಅನುಕೂಲ ಬೇರೆ. ದಿನದ ಶಾಲೆಯ ತೋಟವನ್ನು ಕೊಲ್ಲುವುದು ಹುಳುವೂ ಅಲ್ಲ, ದನವೂ ಅಲ್ಲ, ಬೇಸಿಗೆ ರಜೆ. ಏಪ್ರಿಲ್ ಎರಡನೇ ವಾರಕ್ಕೆ ಬೀಗ ಬಿದ್ದರೆ ಮೇ ಕೊನೆಗೆ ತೆಗೆಯುವುದು. ಐವತ್ತು ದಿನ, ಬಯಲುಸೀಮೆಯ ಬಿಸಿಲು.

ಮುಂಗಾರು ಮಾತ್ರ ಶಾಲೆಗೆ ಹೇಳಿ ಮಾಡಿಸಿದಂತಿದೆ. ಜೂನಿನಲ್ಲಿ ಶಾಲೆ ತೆರೆದಾಗ ಮಣ್ಣು ಹದ, ಜುಲೈ–ಆಗಸ್ಟಿನಲ್ಲಿ ರಾಗಿ ಬಿತ್ತನೆ, ಸಾಲಿನ ನಡುವೆ ಅವರೆ, ದಸರಾ ರಜೆಯ ಹೊತ್ತಿಗೆ ತೆನೆ, ನವೆಂಬರ್–ಡಿಸೆಂಬರಿನಲ್ಲಿ ಕೊಯ್ಲು. ಅರ್ಧವಾರ್ಷಿಕ ಪರೀಕ್ಷೆ ಒಂದನ್ನು ಬಿಟ್ಟರೆ ಅಡ್ಡಿಯಿಲ್ಲ. ಕರಾವಳಿ, ಮಲೆನಾಡಿನ ಭತ್ತವೂ ಹಾಗೇ. ಆದರೆ ಅಲ್ಲಿ ಮಕ್ಕಳನ್ನು ಗದ್ದೆಗೆ ಇಳಿಸುವುದು ನಾಟಿಯ ಒಂದು ದಿನ. ನೇಜಿ (ಭತ್ತದ ಸಸಿ) ಹಿಡಿದ ಫೋಟೊ ಮರುದಿನ ಪೇಪರಿನಲ್ಲಿ ಬರುತ್ತದೆ. ಕಳೆ ಕೀಳುವ, ನೀರು ಕಟ್ಟುವ, ಹಂದಿ ಕಾಯುವ, ಒಕ್ಕುವ, ಕೊನೆಗೆ ಖರ್ಚು ಕಳೆದು ಎಷ್ಟು ಉಳಿಯಿತೆಂದು ನೋಡುವ ದಿನಗಳಿಗೆ ಯಾರೂ ಕ್ಯಾಮೆರಾ ತರುವುದಿಲ್ಲ. 1950ರಲ್ಲಿ ಕೆ.ಎಂ. ಮುನ್ಶಿ ಶುರುಮಾಡಿದ ವನಮಹೋತ್ಸವಕ್ಕೂ ಇದೇ ರೋಗ ತಗುಲಿ, ಹೋದ ವರ್ಷದ ಗುಂಡಿಯಲ್ಲೇ ಈ ವರ್ಷದ ಸಸಿ ಎಂಬ ನಗೆಮಾತು ಊರೂರಲ್ಲಿ ಚಾಲ್ತಿಗೆ ಬಂತು.

ಬೇಸಿಗೆಯ ನೀರನ್ನೇ ಒಂದು ಲೆಕ್ಕ ಮಾಡಿ ನೋಡಬಹುದು. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನೂರು ಚದರ ಮೀಟರಿನ ಶಾಲೆಯ ಚಾವಣಿ, ವರ್ಷಕ್ಕೆ 600 ಮಿ.ಮೀ. ಮಳೆ ಅಂದರೆ 60 ಸಾವಿರ ಲೀಟರ್. ಹರಿದು ಆರಿ ಹೋದದ್ದು ಕಳೆದು 48 ಸಾವಿರ ಎನ್ನೋಣ. ಐವತ್ತು ಚದರ ಮೀಟರಿನ ಸೊಪ್ಪು–ತರಕಾರಿ ಮಡಿಗೆ ಕಡುಬೇಸಿಗೆಯಲ್ಲಿ ದಿನಕ್ಕೆ 300 ಲೀಟರ್ ಸಾಕು, ಐವತ್ತು ದಿನಕ್ಕೆ 15 ಸಾವಿರ. ಚಾವಣಿಯ ನೀರು ಅದರ ಮೂರರಷ್ಟಿದೆ. ಇಲ್ಲದಿರುವುದು ಅಕ್ಟೋಬರಿನ ಹಿಂಗಾರು ನೀರನ್ನು ಏಪ್ರಿಲಿನವರೆಗೆ ಹಿಡಿದಿಡುವ ತೊಟ್ಟಿ. ಊಟದ ನಂತರ ಮಕ್ಕಳು ಕೈ, ತಟ್ಟೆ ತೊಳೆದ ನೀರನ್ನು ಬಾಳೆಗೆ ಬಿಡುವುದು ಒಳ್ಳೆಯ ಉಪಾಯವೇ, ಆದರೆ ರಜೆಯಲ್ಲಿ ಮಕ್ಕಳೂ ಇಲ್ಲ, ಆ ನೀರೂ ಇಲ್ಲ. ಈ ಲೆಕ್ಕವನ್ನು ಒಂಬತ್ತನೇ ತರಗತಿಯವರೇ ಹಾಕಿ, ತಮ್ಮ ಶಾಲೆಯ ಚಾವಣಿ ತಾವೇ ಅಳೆದು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ತೊಟ್ಟಿ ಕೇಳಲಿ. ಅಂದಾಜುಪಟ್ಟಿ ನೋಡದೆ ಎದ್ದುಹೋಗುವ ಸದಸ್ಯರು ಮಕ್ಕಳು ತಂದ ಲೆಕ್ಕಕ್ಕೆ ಸ್ವಲ್ಪ ಹೊತ್ತು ಕೂರುತ್ತಾರೆ.

ತೊಟ್ಟಿ ಬಂದರೂ ನೀರು ಬಿಡುವವರು ಬೇಕು. ಹಳ್ಳಿಯಲ್ಲಿ ಇದಕ್ಕೆ ಹಳೆಯ ಏರ್ಪಾಡು ಇದ್ದೇ ಇದೆ, ಕೋರು. ಜಮೀನು ಒಬ್ಬರದು, ದುಡಿಮೆ ಇನ್ನೊಬ್ಬರದು, ಫಸಲು ಪಾಲು. ರಜೆಯ ಐವತ್ತು ದಿನ ತೋಟವನ್ನು ಬಿಸಿಯೂಟದ ಅಡುಗೆಯವರಿಗೆ ಕೋರಿಗೆ ಕೊಡಬಹುದು. ಅವರ ಗೌರವಧನವೂ ಅಡುಗೆ ಇಲ್ಲದ ತಿಂಗಳು ನಿಂತೇ ಹೋಗುವಂಥದ್ದು. ಸೊಪ್ಪು, ಬದನೆ, ಬೆಂಡೆ ಅವರು ಮಾರಿಕೊಳ್ಳಲಿ. ನುಗ್ಗೆ, ಪಪ್ಪಾಯ ಗಿಡ ಬದುಕಿಸಿ ಜೂನಿಗೆ ಶಾಲೆಗೆ ಒಪ್ಪಿಸಲಿ. ಬರ ಘೋಷಣೆಯಾಗಿ ರಜೆಯಲ್ಲೂ ಬಿಸಿಯೂಟ ಕೊಟ್ಟ ವರ್ಷಗಳು ಇವೆಯಲ್ಲ, ಅಂಥ ವರ್ಷ ಪಾಲಿನ ಲೆಕ್ಕ ಬೇರೆ ಆಗಬೇಕಾಗುತ್ತದೆ. ಕರಾರು ಬರೆಯುವುದು ಹತ್ತನೇ ತರಗತಿಯ ಕೆಲಸ. ನೀರಿನ ತೊಟ್ಟಿಯ ಅಳತೆ, ಗಿಡಗಳ ಎಣಿಕೆ, ಯಾವುದು ಸತ್ತರೆ ಯಾರ ಹೊಣೆ, ಪಾಲು ಅರ್ಧವೋ ಮೂರರಲ್ಲಿ ಎರಡೋ. ಅಡುಗೆಯ ಅಕ್ಕಂದಿರು ಅರ್ಧಕ್ಕೆ ಒಪ್ಪುವುದಿಲ್ಲ ಎಂದು ನನ್ನ ಅಂದಾಜು. ಅವರ ವಾದ ಕೇಳಿ ಮಕ್ಕಳು ಕರಾರನ್ನು ಎರಡನೇ ಸಲ ಬರೆಯಬೇಕಾಗುತ್ತದೆ.